ಆನೆ ಕಾಸು, ಹನುಮಂತನ ಬಿಲ್ಲೆ, ಕಾಫಿ ಟೋಕನ್

ಹೋದ ಭಾನುವಾರ ಬಿಟಿಎಂ ಲೇಔಟಿನಿಂದ ಬಂದ ಭಾಮೈದ ಚಪ್ಪಲಿ ಬಿಡುವ ಮೊದಲೇ "ಭಾವ, ಬಾಗಿಲು ಹಾಕ್ಕೊಳ್ಳಿ" ಎಂದ. ಜೇಬಿನಿಂದ ಕರ್ಚೀಫಿನ ಗಂಟು ತೆಗೆದ. ಗಂಟಿನೊಳಗೆ ಪ್ಲಾಸ್ಟಿಕ್ ಕವರು, ಕವರಿನೊಳಗೆ ಹತ್ತಿ, ಹತ್ತಿಯೊಳಗೆ ಒಂದು ತಾಮ್ರದ ಬಿಲ್ಲೆ. ಒಂದು ಮುಖದಲ್ಲಿ ಬೆಟ್ಟ ಹೊತ್ತ ಹನುಮಂತ. ಇನ್ನೊಂದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಂತ ಹೆಸರು, 1818 ಅಂತ ಇಸವಿ, ಕೆಳಗೆ 'ಯುಕೆಎಲ್ ಆಣಾ' ಎಂಬ ಅರ್ಥವಾಗದ ಮಾತು. ಆಫೀಸಿನ ಯಾರದೋ ಊರಿನ ಹಳೇ ಪೆಟ್ಟಿಗೆಯಲ್ಲಿ ಸಿಕ್ಕಿದ್ದಂತೆ. ನೋಡಿ ಹೇಳಲು ಇವನ ಕೈಗೆ ಕೊಟ್ಟಿದ್ದಾರೆ. ವಾಟ್ಸಾಪಿನಲ್ಲಿ ಇದರ ಬೆಲೆ ಆಗಲೇ ಕೋಟಿ ದಾಟಿದೆ.

"ಸೈಟು ತಗೋಬಹುದಾ ಭಾವ?"

ಇದರಲ್ಲಿ ಒಂದು ತಪಲೆಯ ಮುಚ್ಚಳಕ್ಕಾಗುವಷ್ಟೂ ತಾಮ್ರವಿಲ್ಲ ಅಂದೆ. ಅವನಿಗೆ ಬೇಜಾರಾಯಿತು. ಒಳಗೆ ಕಾಫಿ ಸೋಸುತ್ತಿದ್ದ ಅಕ್ಕನ ಹತ್ತಿರ ದೂರು ಹೇಳಲು ಹೋದ. ಆ ಹೊತ್ತಿಗೆ ನಾನು ನನ್ನ ಮೇಜಿನ ಡ್ರಾಯರಿನಿಂದ ಇನ್ನೆರಡು ಬಿಲ್ಲೆ ತೆಗೆದು ಅದರ ಪಕ್ಕದಲ್ಲಿಟ್ಟೆ. ಒಂದು, ಅಜ್ಜಿಯ ಗೋಲಕದಿಂದ ನನಗೆ ಬಂದ ಮೈಸೂರಿನ ಆನೆ ಕಾಸು. ಇನ್ನೊಂದು ರಾಗಿಗುಡ್ಡದ ಈಚೆಗಿರುವ ದರ್ಶಿನಿಯೊಂದರ ಹಸಿರು ಪ್ಲಾಸ್ಟಿಕ್ ಕಾಫಿ ಟೋಕನ್, ಕುಡಿಯದೆ ಉಳಿದದ್ದು. ದುಡ್ಡು ಅಂದರೇನು ಎಂದು ಮಾತಾಡಲು ಈ ಮೂರು ಸಾಕು.

ಮೊದಲು ಆನೆ ಕಾಸು. ಟಿಪ್ಪು ಕಾಲದ ತಾಮ್ರದ ನಾಣ್ಯಗಳ ಮೇಲೂ ಆನೆಯಿತ್ತು. ಶ್ರೀರಂಗಪಟ್ಟಣ, ನಗರ, ಬೆಂಗಳೂರು ಅಂತ ಹಲವು ಟಂಕಸಾಲೆಗಳಲ್ಲಿ ಅವು ಅಚ್ಚಾದವು. 1799ರಲ್ಲಿ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರು ಆನೆಯನ್ನು ಇಳಿಸಲಿಲ್ಲ. ಮೇಲೆ ಸೂರ್ಯ, ಚಂದ್ರ, 'ಶ್ರೀ' ಸೇರಿಸಿದರು. ನನ್ನ ಹತ್ತಿರ ಇರುವುದು ಅಂಥದ್ದು. ತಿರುಗಿಸಿದರೆ ಕನ್ನಡದಲ್ಲಿ 'ಮಯಿಲಿ ಕಾಸು', ಇಂಗ್ಲಿಷಿನಲ್ಲಿ 'ಎಕ್ಸ್ ಎಕ್ಸ್ ಕ್ಯಾಶ್'. ಅಂದರೆ ಇಪ್ಪತ್ತು ಕಾಸು. ಅಂಚು ಗುಂಡಗಿಲ್ಲ. ಸುತ್ತಿಗೆ ಪೆಟ್ಟಿಗೆ ಬಿಲ್ಲೆ ಒಂದು ಕಡೆ ಜಾರಿರಬೇಕು, ಆನೆಯ ಬಾಲ ನಾಣ್ಯದ ಹೊರಗೇ ಉಳಿದಿದೆ. ಕನ್ನಡ ಅಕ್ಷರ ಕೆತ್ತಿದವನ ಕೈ ಪಳಗಿದ ಕೈ. ಇಂಗ್ಲಿಷ್ ಅಕ್ಷರ ಕೆತ್ತುವಾಗ ಮಾತ್ರ ಅದೇ ಕೈ ಮಗ್ಗಿ ಬರೆಯುವ ಮಗುವಿನಂತೆ ತಡವರಿಸಿದೆ. ಈ ತಡವರಿಕೆಯೇ ನನಗೆ ಇಷ್ಟ. 1833ರಲ್ಲಿ ಮೈಸೂರಿನ ಟಂಕಸಾಲೆ ಬೆಂಗಳೂರಿಗೆ ಬಂತು, 1843ರಲ್ಲಿ ಅದನ್ನೂ ಮುಚ್ಚಿದರು. ಸಂಸ್ಥಾನ ತನ್ನದೇ ಕಾಸು ಹೊಡೆಯುವುದು ಅಲ್ಲಿಗೆ ನಿಂತಿತು.

ಈಗ ಕೇಳಬೇಕಾದ ಪ್ರಶ್ನೆ: ನಾಣ್ಯವನ್ನು ರಾಜನೇ ಹೊಡೆಯಬೇಕೆ? ಅಂಗಡಿಯವನು ಹೊಡೆದರೆ ನಡೆಯದೆ?

ನಡೆದಿದೆ. ಚೆನ್ನಾಗಿಯೇ ನಡೆದಿದೆ.

ಚಿನ್ನ ಬೆಳ್ಳಿಯ ನಾಣ್ಯದ ಬಗ್ಗೆ ಎಲ್ಲ ಸರ್ಕಾರಗಳಿಗೂ ಆಸಕ್ತಿ. ಯುದ್ಧ, ಕಪ್ಪ, ದೂರದ ವ್ಯಾಪಾರ ಎಲ್ಲ ಅದರಲ್ಲೇ. ಬಿಡಿಗಾಸಿನ ಬಗ್ಗೆ ಮಾತ್ರ ಯಾವ ಸರ್ಕಾರಕ್ಕೂ ಉತ್ಸಾಹವಿಲ್ಲ. ತಾಮ್ರ ಭಾರ, ಸಾಗಿಸುವ ಖರ್ಚು ಹೆಚ್ಚು, ಒಂದು ವರಾಹದ ಬೆಲೆಗೆ ಒಂದು ಮೂಟೆ ಅಚ್ಚುಹಾಕಬೇಕು. ಆದರೆ ಸೊಪ್ಪು ಮಾರುವವಳಿಗೆ ಬೇಕಾದದ್ದು ವರಾಹವಲ್ಲ, ಕಾಸು. ಕೂಲಿಯವನ ದಿನದ ಕೂಲಿ ಬೆಳ್ಳಿಯ ಲೆಕ್ಕಕ್ಕೆ ಸಿಗುವಷ್ಟು ದೊಡ್ಡದಲ್ಲ. ಸರ್ಕಾರ ಕೈಚೆಲ್ಲಿದ ಕಡೆ ಸಾಹುಕಾರನೇ ಕಾಸು ಮಾಡಿಸಿದ.

ಇಂಗ್ಲೆಂಡಿನಲ್ಲೇ ಇದು ಮೊದಲು ದೊಡ್ಡದಾಗಿ ಆಯಿತು ಅನ್ನುವುದು ತಮಾಷೆ. 1787ರಲ್ಲಿ ವೇಲ್ಸ್ ಕಡೆಯ ಆಂಗಲ್ಸಿ ದ್ವೀಪದ ತಾಮ್ರದ ಗಣಿಯವರು, ಪ್ಯಾರಿಸ್ ಮೈನ್ ಕಂಪನಿ, ತಮ್ಮದೇ ಪೆನ್ನಿ ಹೊಡೆಸಿದರು. ಅದರ ಮೇಲೆ ರಾಜನಿಲ್ಲ, ಮುಸುಕು ಹೊದ್ದ ಗಡ್ಡದ ಪೂಜಾರಿಯೊಬ್ಬನ ತಲೆ. ಅಂಚಿನ ಸುತ್ತ ಕೆತ್ತಿದ್ದ ಮಾತು ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು: ಕೇಳಿದಾಗ ಲಂಡನ್, ಲಿವರ್‌ಪೂಲ್ ಅಥವಾ ಆಂಗಲ್ಸಿಯಲ್ಲಿ ಹಣ ಕೊಡಲಾಗುವುದು. ಅಂದರೆ, ಈ ತಾಮ್ರ ನಿಮಗೆ ಬೇಡವಾದ ದಿನ ತಗೊಂಡು ಬನ್ನಿ, ನಮ್ಮ ವಿಳಾಸ ಇದು. ಕಬ್ಬಿಣದ ಕಾರ್ಖಾನೆಯ ಜಾನ್ ವಿಲ್ಕಿನ್ಸನ್ ಅಂತೂ ಅದೇ ವರ್ಷ ತನ್ನ ಮುಖವನ್ನೇ ನಾಣ್ಯದ ಮೇಲೆ ಹಾಕಿಸಿಕೊಂಡ. ನಮ್ಮ ಕಾಲದ ಫ್ಲೆಕ್ಸ್ ಬ್ಯಾನರಿಗೆ ಅವನನ್ನು ಮೂಲಪುರುಷ ಅನ್ನಬಹುದು.

ಇದೇ ಹೊತ್ತಿನಲ್ಲಿ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್ ತನ್ನ ಸೋಹೊ ಕಾರ್ಖಾನೆಯಲ್ಲಿ ಉಗಿಯಂತ್ರದಿಂದ ನಾಣ್ಯ ಒತ್ತುವುದಕ್ಕೆ ಶುರುಮಾಡಿದ. ಖಾಸಗಿ ವರ್ತಕರ ಬಿಲ್ಲೆಗಳೂ ಅಲ್ಲೇ, ಕಂಪನಿ ಸರ್ಕಾರದ ಕಾಸೂ ಅಲ್ಲೇ. ಮದ್ರಾಸಿಗೆಂದು 1803ರಲ್ಲೂ 1808ರಲ್ಲೂ ಹತ್ತು ಕಾಸು, ಇಪ್ಪತ್ತು ಕಾಸಿನ ತಾಮ್ರದ ನಾಣ್ಯಗಳನ್ನು ಅವನ ಕಾರ್ಖಾನೆ ಹೊಡೆದುಕೊಟ್ಟಿತು. 1808ರದ್ದನ್ನು ಹೊತ್ತು ಹೊರಟ 'ಅಡ್ಮಿರಲ್ ಗಾರ್ಡ್ನರ್' ಎಂಬ ಹಡಗು 1809ರ ಜನವರಿಯಲ್ಲಿ ಇಂಗ್ಲೆಂಡಿನ ತೀರ ಬಿಡುವ ಮುಂಚೆಯೇ ಗುಡ್ವಿನ್ ಮರಳದಿಬ್ಬಕ್ಕೆ ಸಿಕ್ಕಿ ಮುಳುಗಿತು. ಟನ್‌ಗಟ್ಟಲೆ ಕಾಸು ಸಮುದ್ರದ ತಳ ಸೇರಿ, 1980ರ ದಶಕದಲ್ಲಿ ಮುಳುಗುಗಾರರ ಕೈಗೆ ಸಿಕ್ಕಿತು. ಬೆಂಗಳೂರಿನಲ್ಲಿ ದಂಡು ಬೀಡುಬಿಟ್ಟಿದ್ದೂ ಅದೇ 1809ರಲ್ಲಿ. ದಂಡಿನ ಸಿಪಾಯಿಗಳು ಮದ್ರಾಸಿನ ಸೈನ್ಯದವರು. ಆ ಕಾಸಿನಲ್ಲಿ ಒಂದಷ್ಟು ಹಲಸೂರಿನ ಸಂತೆಯಲ್ಲಿ ಓಡಾಡಬೇಕಾಗಿತ್ತೋ ಏನೋ, ಉಪ್ಪುನೀರು ಕುಡಿಯಿತು.

ಖಾಸಗಿ ಬಿಲ್ಲೆಗಳು ಹಡಗು ಹತ್ತಿ ವಸಾಹತುಗಳಿಗೂ ಹೋದವು. 1849ರಲ್ಲಿ ಮೆಲ್ಬರ್ನಿನ ಆನಂಡ್ ಸ್ಮಿತ್ ಎಂಬ ದಿನಸಿ ಅಂಗಡಿಯವರು ತಮ್ಮ ಹೆಸರಿನ ತಾಮ್ರದ ಪೆನ್ನಿ ಬಿಟ್ಟರು. ನೋಡನೋಡುತ್ತಿದ್ದಂತೆ ಬಟ್ಟೆ ಅಂಗಡಿ, ಚಹಾ ಅಂಗಡಿ ಎಲ್ಲರದೂ ಒಂದೊಂದು ಪೆನ್ನಿ. ಸಿಲೋನಿನ ಕಾಫಿ ತೋಟ, ಕಾಫಿ ಮಿಲ್ಲುಗಳಲ್ಲಿ ದಿನಗೂಲಿಗೆ ಬಿಲ್ಲೆ ಕೊಡುವ ಪದ್ಧತಿ ಬಂತು. ಕೊಲಂಬೊದ ಜಾರ್ಜ್ ಸ್ಟುವರ್ಟ್ ಕಂಪನಿಯದು, ಹಲ್ಟ್ಸ್‌ಡಾರ್ಫ್ ಮಿಲ್ಲಿನದು ಇವತ್ತಿಗೂ ಸಂಗ್ರಾಹಕರ ಕೈಯಲ್ಲಿವೆ. ತಮಿಳುನಾಡಿನಿಂದ ಹೋದ ಕೂಲಿಗಳು ಬೆನ್ನು ಬಗ್ಗಿಸಿ ದುಡಿದು ಸಂಜೆ ಒಂದು ಬಿಲ್ಲೆ ಪಡೆಯುತ್ತಿದ್ದರು. ಇಲ್ಲಿ ಒಂದು ಕಹಿ ಇದೆ. ಬಿಲ್ಲೆ ಕೊಟ್ಟವನ ಹತ್ತಿರವೇ ಬಿಲ್ಲೆ ಬಿಡಿಸಿಕೊಳ್ಳಬೇಕೆಂದರೆ, ಅವನನ್ನು ಬಿಟ್ಟು ಹೋಗುವ ಹಾಗಿಲ್ಲ. ರಾಜನ ಕಾಸು ಜೇಬಿನಲ್ಲಿದ್ದವನು ಊರು ಬಿಡಬಹುದು. ಧಣಿಯ ಬಿಲ್ಲೆ ಇದ್ದವನು ಧಣಿಯ ಹೊಸ್ತಿಲು ಬಿಡಲಾರ.

ಇನ್ನೂ ಕಿಲಾಡಿಗಳು ಸಿಂಗಪುರದ ವರ್ತಕರು. 1830ರ ಸುಮಾರಿಗೆ ಬರ್ಮಿಂಗ್‌ಹ್ಯಾಮಿನಿಂದ ತೆಳ್ಳನೆಯ ತಾಮ್ರದ ಕಾಸುಗಳನ್ನು ಪೀಪಾಯಿಗಳಲ್ಲಿ ತರಿಸಿದರು. ಒಂದು ಕಡೆ ಹುಂಜ, ಇನ್ನೊಂದು ಕಡೆ ಅರಬ್ಬಿ ಅಕ್ಷರದಲ್ಲಿ ಹಿಜರಿ 1247. ಮಾಡಿಸಿದವನ ಹೆಸರಿಲ್ಲ, ಊರಿಲ್ಲ, ಕೇಳಿದರೆ ಹಣ ಕೊಡುತ್ತೇನೆಂಬ ಮಾತಿಲ್ಲ. ಮಲಯ, ಸುಮಾತ್ರದ ಕಡೆ ಡಚ್ಚರ ಪುಡಿಗಾಸಿನ ಜೊತೆ ಬೆರೆತು ನಡೆದುಹೋದವು. ಆಂಗಲ್ಸಿಯ ಪೆನ್ನಿಯೂ ಖಾಸಗಿ, ಹುಂಜದ ಕಾಸೂ ಖಾಸಗಿ. ಆದರೆ ಒಂದಕ್ಕೆ ವಿಳಾಸವಿದೆ, ಇನ್ನೊಂದು ಬೇವಾರ್ಸಿ. ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ, ಭಾಮೈದನ ಹನುಮಂತನ ಹತ್ತಿರ ಮತ್ತೆ ಬರುತ್ತೇವೆ.

ನಮ್ಮ ಕಡೆ ಕಥೆ ಬೇರೆ. ಇಲ್ಲಿ ಖಾಸಗಿಯವರ ಕೈ ಹೆಚ್ಚಾಗಿ ಕಾಣುವುದು ಅಚ್ಚುಹಾಕುವುದರಲ್ಲಲ್ಲ, ಬದಲಿಸುವುದರಲ್ಲಿ. ಹಳೆಯ ದೊರೆಯ ಕಾಸು, ಹೊಸ ದೊರೆಯ ಕಾಸು, ಪಕ್ಕದ ಸೀಮೆಯದು, ಮದ್ರಾಸಿನದು ಎಲ್ಲ ಒಂದೇ ಸಂತೆಗೆ ಬರುತ್ತಿದ್ದವು. ಯಾವುದಕ್ಕೆ ಎಷ್ಟು ಅನ್ನುವುದನ್ನು ಪೇಟೆಯ ಸರಾಫ ಹೇಳಬೇಕು. ಕಲ್ಲಿಗೆ ತಿಕ್ಕಿ, ನೆಲಕ್ಕೆ ಬಡಿದು ಸದ್ದು ಕೇಳಿ, ತೂಗಿ, ವಟ್ಟ ಹಿಡಿದುಕೊಂಡು ಬೇರೆ ನಾಣ್ಯ ಕೊಡುತ್ತಿದ್ದ. ವಟ್ಟ ಅನ್ನುವುದು ಆ ಬದಲಾವಣೆಯ ಕಡಿತ. 1800ರಲ್ಲಿ ಬೆಂಗಳೂರಿನ ಮೇಲೆ ಹಾದುಹೋದ ಫ್ರಾನ್ಸಿಸ್ ಬುಕನನ್ ಊರೂರಿನ ನಾಣ್ಯ, ತೂಕ, ಅಳತೆಗಳನ್ನು ಬೇಸರವಿಲ್ಲದೆ ಬರೆದಿಟ್ಟಿದ್ದಾನೆ. ಓದುತ್ತಾ ಹೋದರೆ ಆ ಕಾಲದಲ್ಲಿ ಸಂತೆಗೆ ಹೋಗುವವನು ಎಷ್ಟು ಲೆಕ್ಕ ಕಲಿತಿರಬೇಕಿತ್ತು ಎಂದು ತಲೆ ತಿರುಗುತ್ತದೆ. ಕಂಪನಿಯವರು 1835ರಲ್ಲಿ ತಮ್ಮ ಸೀಮೆಗೆಲ್ಲ ಒಂದೇ ರೂಪಾಯಿ ಅಂತ ಮಾಡಿದ ಮೇಲೆ ಈ ಗೋಜಲು ನಿಧಾನಕ್ಕೆ ಕರಗಿತು. ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು, ಒಟ್ಟು 192 ಕಾಸು. 'ಮೂರು ಕಾಸಿಗೂ ಬಾಳದವನು' ಎಂದು ನಮ್ಮಜ್ಜಿ ಬೈಯುವಾಗ ಲೆಕ್ಕ ಕರಾರುವಾಕ್ಕಾಗಿರುತ್ತಿತ್ತು: ಮೂರು ಕಾಸು ಅಂದರೆ ಒಂದು ಹಳೇ ಪೈಸೆ, ಕಾಲಾಣೆ.

ಇನ್ನೊಂದು ಮಾತು. ದುಡ್ಡೇ ದೊಡ್ಡಪ್ಪ ಅನ್ನುತ್ತೇವಲ್ಲ, ಆ 'ದುಡ್ಡು' ಮೊದಲು ಒಂದು ತಾಮ್ರದ ನಾಣ್ಯದ ಹೆಸರು. ವರಾಹ, ಗದ್ಯಾಣ, ಹಾಗ ಎಲ್ಲ ಶಾಸನದಲ್ಲಿ ಉಳಿದವು. ಚಿನ್ನದ 'ಹಣ' ಒಂದು ಮರ್ಯಾದೆಯಾಗಿ ಪುಸ್ತಕದ ಭಾಷೆಯಲ್ಲಿ ನಿಂತಿತು. ಬಾಯಲ್ಲಿ ದಿನಾ ಓಡಾಡುತ್ತಿರುವುದು ತಾಮ್ರದ ದುಡ್ಡು, ತಾಮ್ರದ ಕಾಸು. ಜನ ಯಾವುದನ್ನು ಕೈಯಲ್ಲಿ ಹಿಡಿದಿದ್ದರೋ ಅದೇ ನಾಲಿಗೆಯಲ್ಲೂ ಉಳಿಯಿತು.

ಖಾಸಗಿ ಬಿಲ್ಲೆಗಳ ಬಾಯಿ ಮುಚ್ಚಿಸುವ ಕೆಲಸ ಕೊನೆಗೆ ಕಾಯ್ದೆ ಮಾಡಿತು. ಇಂಗ್ಲೆಂಡಿನಲ್ಲಿ 1817ರಲ್ಲಿ. ಬ್ರಿಟಿಷ್ ಇಂಡಿಯಾದಲ್ಲಿ 1889ರಲ್ಲಿ ಲೋಹದ ಟೋಕನ್ನುಗಳ ಕಾಯ್ದೆ ಅಂತಲೇ ಒಂದು ಬಂತು. ತಾಮ್ರ, ಕಂಚು ಅಥವಾ ಯಾವುದೇ ಲೋಹದ ತುಂಡು, ಅದರ ಮೇಲೆ ಮುದ್ರೆ ಇರಲಿ ಬಿಡಲಿ, ಹಣದ ಹಾಗೆ ಬಳಸುವ ಉದ್ದೇಶದಿಂದ ಸರ್ಕಾರದ ಅಪ್ಪಣೆಯಿಲ್ಲದೆ ಮಾಡಬಾರದು, ಹೊರಗಿನಿಂದ ತರಿಸಬಾರದು, ಚಲಾವಣೆಗೆ ಬಿಡಬಾರದು. ಮೊದಲ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ ಜೈಲು, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ. ಈ ಕಾಯ್ದೆ ಸ್ವಾತಂತ್ರ್ಯ ಬಂದಮೇಲೂ ಬದುಕಿತ್ತು. 2011ರ ನಾಣ್ಯ ಕಾಯ್ದೆ ಇದನ್ನು ರದ್ದುಮಾಡಿ ನಿಷೇಧವನ್ನು ತನ್ನೊಳಗೆ ಸೇರಿಸಿಕೊಂಡಿತು. ಜೊತೆಗೇ ರದ್ದಾದದ್ದು 1971ರ ಇನ್ನೊಂದು ಕಾಯ್ದೆ. ರೂಪಾಯಿಗಿಂತ ಕೆಳಗಿನ ಚಿಲ್ಲರೆ ನಾಣ್ಯವನ್ನು ಕರಗಿಸುವವರಿಗೆ, ಬಚ್ಚಿಡುವವರಿಗೆ ಶಿಕ್ಷೆ ವಿಧಿಸುತ್ತಿದ್ದ ಕಾಯ್ದೆ ಅದು. ಪೈಸೆ ಬಚ್ಚಿಟ್ಟರೆ ಅಪರಾಧವಾಗುತ್ತಿದ್ದ ಕಾಲವೊಂದಿತ್ತು ಅಂದರೆ ನನ್ನ ಮಗಳು ನಂಬುವುದಿಲ್ಲ. ಅವಳು ನಾಲ್ಕಾಣೆಯನ್ನೇ ನೋಡಿಲ್ಲ. 25 ಪೈಸೆ ಹೋದದ್ದೂ ಅದೇ 2011ರ ಜೂನ್ 30ಕ್ಕೆ.

ಇಷ್ಟು ಹೇಳುವಾಗ ಭಾಮೈದ ಲೋಟ ಹಿಡಿದು ಬಂದು ಕೂತಿದ್ದ. "ಹಂಗಾದ್ರೆ ದರ್ಶಿನಿಯವ್ರನ್ನೆಲ್ಲ ಒಳಗೆ ಹಾಕ್ಬೇಕಲ್ಲ ಭಾವ" ಅಂದ, ಹಸಿರು ಟೋಕನ್ ತೋರಿಸಿ.

ಒಳ್ಳೆಯ ಪ್ರಶ್ನೆ. ನಿಂತು ತಿನ್ನುವ ಈ ದರ್ಶಿನಿ ಎಂಬುದು ನಮ್ಮ ಬಡಾವಣೆಯ ಕಾಣಿಕೆಯೇ. 1983ರಲ್ಲಿ ಜಯನಗರದಲ್ಲಿ ಆರ್. ಪ್ರಭಾಕರ್ ಅವರ ಕಲ್ಪನೆಯ ಕೆಫೆ ದರ್ಶಿನಿ ಶುರುವಾದ ಮೇಲೆ ಊರೆಲ್ಲ ಹರಡಿತು. ಗಲ್ಲದಲ್ಲಿ ಮೊದಲು ದುಡ್ಡು, ಆಮೇಲೆ ಚೀಟಿ ಅಥವಾ ಬಿಲ್ಲೆ, ಬಿಲ್ಲೆ ಕೊಟ್ಟರೆ ಕಾಫಿ. ಗಲ್ಲದಿಂದ ಕಾಫಿ ಕೌಂಟರಿಗೆ ಹತ್ತು ಹೆಜ್ಜೆ. ಆ ಹತ್ತು ಹೆಜ್ಜೆಯಷ್ಟೇ ಬಿಲ್ಲೆಯ ಆಯುಷ್ಯ. ಅದು ರಸೀದಿ, ಹಣವಲ್ಲ. ಲೋಹದ್ದೂ ಅಲ್ಲ ಅನ್ನುವುದು ಬೇರೆ ಮಾತು. ಮೆಟ್ರೊ ಟೋಕನ್ನೂ ಹಾಗೆಯೇ. ಜೆ.ಪಿ. ನಗರದಲ್ಲಿ ಹತ್ತಿ ಬನಶಂಕರಿಯಲ್ಲಿ ಇಳಿದು ಗೇಟಿನ ಬಾಯಿಗೆ ಹಾಕಿದರೆ ಮುಗಿಯಿತು.

ಆದರೆ ಜನ ಸುಮ್ಮನಿರುವುದಿಲ್ಲ. ಮಿನಿ ಫಾರೆಸ್ಟಿನಲ್ಲಿ ನನ್ನ ಜೊತೆ ವಾಕಿಂಗ್ ಬರುವ ರಾಯರಿಗೆ ಒಮ್ಮೆ ಹೂವಿನವಳ ಹತ್ತಿರ ಚಿಲ್ಲರೆ ಸಾಲದೆ ಹೋಯಿತು. ಹತ್ತು ರೂಪಾಯಿ ನಾನು ಕೊಟ್ಟೆ. ಮಾರನೇ ದಿನ ರಾಯರು ಜೇಬು ತಡಕಿ ಹಸಿರು ಟೋಕನ್ ಒಂದನ್ನು ನನ್ನ ಅಂಗೈಗಿಟ್ಟರು. "ತಗೊಳ್ಳಿ ಸ್ವಾಮಿ, ನಿಮ್ಮ ಸಾಲ ತೀರ್ತು. ಇನ್ನೈದು ರೂಪಾಯಿ ನೀವೇ ನನಗೆ ಕೊಡಬೇಕು." ಆ ಕ್ಷಣದಲ್ಲಿ, ರಾಗಿಗುಡ್ಡದ ನೆರಳಿನಲ್ಲಿ, ಆ ಪ್ಲಾಸ್ಟಿಕ್ ಬಿಲ್ಲೆ ಹಣವಾಯಿತು. ಅದನ್ನು ಕೊಟ್ಟ ದರ್ಶಿನಿಗೆ ಸಂಬಂಧವಿಲ್ಲದ ಇಬ್ಬರ ನಡುವೆ ಅದು ಸಾಲ ತೀರಿಸಿತು. ಮೆಲ್ಬರ್ನಿನ ದಿನಸಿ ಅಂಗಡಿಯ ಪೆನ್ನಿಗೆ ಆದದ್ದೂ ಇದೇ. ನಾನು ಕಾಫಿ ಕುಡಿಯಲಿಲ್ಲ, ಡ್ರಾಯರಿನಲ್ಲಿಟ್ಟೆ. ಅಂದರೆ ನಾಣ್ಯ ಬಚ್ಚಿಟ್ಟೆ.

ಬಸ್ಸಿನ ಕಂಡಕ್ಟರು ಟಿಕೆಟ್ಟಿನ ಹಿಂದೆ ಬರೆದುಕೊಡುವ ಬಾಕಿಯೂ ಇದೇ ಜಾತಿಯದು. ಜಯನಗರ ನಾಲ್ಕನೇ ಬ್ಲಾಕಿನ ಅಂಗಡಿಗಳಲ್ಲಿ ಎರಡು ರೂಪಾಯಿ ಬದಲು ಕೈಗೆ ಬರುತ್ತಿದ್ದ ಚಾಕೊಲೇಟು ಮಾತ್ರ ಈ ಜಾತಿಗೆ ಸೇರುವುದಿಲ್ಲ. ಏಕೆಂದರೆ ಅದನ್ನು ವಾಪಸು ಕೊಟ್ಟರೆ ಅವನೇ ತೆಗೆದುಕೊಳ್ಳುವುದಿಲ್ಲ. ಕೊಟ್ಟವನೇ ಹಿಂದೆ ಪಡೆಯದ್ದು ಟೋಕನ್ ಅಲ್ಲ, ಬಲವಂತದ ವ್ಯಾಪಾರ. ಪ್ರಯೋಗ ಮಾಡಿ ನೋಡಿದ್ದೇನೆ, ಹನ್ನೊಂದು ಚಾಕೊಲೇಟು ಒಟ್ಟುಮಾಡಿಕೊಂಡು ಹೋಗಿ ಒಂದು ಸೋಪು ಕೇಳಿದ್ದೆ. ಅಂಗಡಿಯವನ ಮುಖ ನೋಡಬೇಕಿತ್ತು.

ಈಗ ಹನುಮಂತ. ಭಾಮೈದನಿಗೆ ಒಂದೊಂದೇ ತೋರಿಸಿದೆ. ಕಂಪನಿಯ ನಾಣ್ಯದ ಮೇಲೆ ದೇವರಿರಲಿಲ್ಲ ಎಂದು ಕೆಲವರು ವಾದಿಸುತ್ತಾರೆ, ಅದು ತಪ್ಪು. ಮದ್ರಾಸಿನಲ್ಲಿ ಕಂಪನಿ ಹೊಡೆಸಿದ ಚಿನ್ನದ ವರಾಹಗಳ ಮೇಲೆ ವಿಷ್ಣು ಇದ್ದಾನೆ. ಇಲ್ಲಿನ ಜನ ದೇವರಿಲ್ಲದ ವರಾಹ ಮುಟ್ಟುತ್ತಿರಲಿಲ್ಲ, ಕಂಪನಿಗೆ ಭಕ್ತಿಗಿಂತ ವ್ಯಾಪಾರ ಗೊತ್ತಿತ್ತು. ಆದ್ದರಿಂದ ದೇವರನ್ನು ಬಿಟ್ಟು ಇಸವಿ ನೋಡಬೇಕು. ಈ ಬಿಲ್ಲೆಯ ಅಣ್ಣತಮ್ಮಂದಿರು 1616, 1717, 1818 ಅಂತ ಲಾಟರಿ ನಂಬರಿನ ಹಾಗೆ ಬರುತ್ತಾರೆ. 1616ರದರ ಮೇಲೂ 'ಯುಕೆ' ಅಂತ ಇರುತ್ತದೆ. ಯುನೈಟೆಡ್ ಕಿಂಗ್‌ಡಮ್ ಎಂಬ ಹೆಸರಿನ ರಾಜ್ಯ ಆದದ್ದು 1801ರಲ್ಲಿ. 185 ವರ್ಷ ಮುಂಚೆ ತನ್ನ ಹೆಸರು ಗೊತ್ತಿದ್ದ ರಾಜ್ಯ ಯಾವುದು? ಇನ್ನು ನಿಜವಾದ ಕಂಪನಿ ಕಾಲಾಣೆ, 1835ರದ್ದು, ಯಾವ ಹಳೇ ನಾಣ್ಯದ ಅಂಗಡಿಯಲ್ಲೂ ಸಿಗುತ್ತದೆ. ಒಂದು ಕಡೆ ಸಿಂಹಗಳು ಹಿಡಿದ ಕಂಪನಿಯ ಲಾಂಛನ, ಇನ್ನೊಂದು ಕಡೆ ಎಲೆಯ ಹಾರದ ನಡುವೆ ಬೆಲೆ. ಹನುಮಂತನೂ ಇಲ್ಲ, ಕೋಟಿಯೂ ಇಲ್ಲ.

"ಇದು ಅಕ್ಕಿ ಎಳೀತದಂತೆ" ಅಂದ ಮೆಲ್ಲಗೆ. ಅಲ್ಲಿಗೆ ವಿಷಯ ಪೂರ್ತಿ ಹೊರಬಿತ್ತು.

ರೈಸ್ ಪುಲ್ಲಿಂಗ್ ಅನ್ನುವ ಈ ಮೋಸ ಬೆಂಗಳೂರಿನ ಪೊಲೀಸರಿಗೆ ಹಳೇ ನೆಂಟ. ಸಿಡಿಲು ಬಡಿದ ತಾಮ್ರಕ್ಕೆ ಅಕ್ಕಿಕಾಳು ಸೆಳೆಯುವ ಶಕ್ತಿ ಬರುತ್ತದೆ, ಬಾಹ್ಯಾಕಾಶ ಸಂಸ್ಥೆಯವರು ಕೋಟಿ ಕೊಟ್ಟು ಕೊಳ್ಳುತ್ತಾರೆ, ಆದರೆ ಮೊದಲು ಪರೀಕ್ಷೆಯ ಖರ್ಚಿಗೆ ನೀವು ಕೆಲವು ಲಕ್ಷ ಹಾಕಬೇಕು. ತಾಮ್ರ ಏನನ್ನೂ ಎಳೆಯುವುದಿಲ್ಲ. ಒಳಗೆ ಅಯಸ್ಕಾಂತ ಅಡಗಿಸಿ, ಅಕ್ಕಿಗೆ ಕಬ್ಬಿಣದ ಪುಡಿ ಹಚ್ಚಿದರೆ ಕಾಳು ಕುಣಿಯುತ್ತದೆ. ಅಡುಗೆಮನೆಯಿಂದ ಸೋನಾ ಮಸೂರಿ ತರಿಸಿ ಬಿಲ್ಲೆಯ ಸುತ್ತ ಸುರಿದೆವು. ಹನುಮಂತ ಅಲುಗಲಿಲ್ಲ, ಅಕ್ಕಿಯೂ ಅಲುಗಲಿಲ್ಲ. ಮೂರೂ ಬಿಲ್ಲೆ ಮೇಜಿನ ಮೇಲಿದ್ದವು. ಆನೆ ಕಾಸಿನ ಹಿಂದೆ ಒಬ್ಬ ಮಹಾರಾಜ ಇದ್ದ, ಪ್ಲಾಸ್ಟಿಕ್ಕಿನ ಹಿಂದೆ ದರ್ಶಿನಿಯ ಭಟ್ಟರಿದ್ದಾರೆ. ಹನುಮಂತನ ಬಿಲ್ಲೆಯನ್ನು ಯಾವ ಕಾಲದಲ್ಲೂ ಯಾರೂ ವಾಪಸು ತೆಗೆದುಕೊಳ್ಳುತ್ತೇನೆ ಅಂದಿಲ್ಲ. ಸಿಂಗಪುರದ ಹುಂಜ ಸಂತೆಯಲ್ಲಾದರೂ ಓಡಾಡಿತ್ತು, ಇದು ಅಷ್ಟೂ ಮಾಡಿಲ್ಲ.

"ಏನಪ್ಪಾ, ಎಷ್ಟು ಕೊಟ್ಟೆ?" ಎಂದೆ.

"ಐದು ಸಾವಿರ ಅಡ್ವಾನ್ಸು" ಅಂದ. ಅವನ ಅಕ್ಕ ಅಡುಗೆಮನೆಯಿಂದ ಹೊರಗೆ ಬಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಅವನನ್ನೂ ಎಬ್ಬಿಸಿದೆ.

ರಾಗಿಗುಡ್ಡದ ಕಡೆ ನಡೆದೆವು. ಅವನ ಮುಖ ಇನ್ನೂ ಗಂಟಾಗಿಯೇ ಇತ್ತು. ದರ್ಶಿನಿಯಲ್ಲಿ ರಾಯರ ಹಸಿರು ಟೋಕನ್ ತೆಗೆದು ಕಾಫಿ ಕೌಂಟರಿಗೆ ಚಾಚಿದೆ. ಹುಡುಗ ಅದನ್ನು ಹಿಂದೆ ಮುಂದೆ ತಿರುಗಿಸಿದ. "ಸಾರ್, ಇದು ಹಳೇದು. ಈಗ ಕೆಂಪು ಬಿಲ್ಲೆ. ರೇಟ್ ಜಾಸ್ತಿ ಆಗಿದೆ." ಭಾಮೈದ ನನ್ನ ಕಡೆ ನೋಡಿದ. ಬೆಳಗಿನಿಂದ ಮೊದಲ ಸಲ ನಕ್ಕ.

ಗಲ್ಲದಲ್ಲಿದ್ದ ಭಟ್ಟರನ್ನು ಕೇಳಿದೆ. ಅವರು ಹಸಿರು ಬಿಲ್ಲೆಯನ್ನು ಡಬ್ಬಿಗೆ ಹಾಕಿಕೊಂಡರು. "ನಮ್ಮದೇ ಅಲ್ವಾ, ಇಲ್ಲ ಅನ್ನೋಕಾಗತ್ತಾ? ಮೂರು ರೂಪಾಯಿ ಕೊಡಿ, ಕೆಂಪು ಕೊಡ್ತೀನಿ."

ನನ್ನ ಹತ್ತಿರ ಐನೂರರ ನೋಟು. ಭಾಮೈದನ ಹತ್ತಿರ ಹನುಮಂತ. ಭಟ್ಟರ ಹತ್ತಿರ ಚಿಲ್ಲರೆ ಇಲ್ಲ. ಫೋನು ತೆಗೆದು ಗೋಡೆಯ ಕ್ಯೂಆರ್ ಕೋಡಿಗೆ ಹಿಡಿದೆ. ಗಣಪತಿಯ ಫೋಟೋದ ಪಕ್ಕದಲ್ಲಿದ್ದ ಡಬ್ಬಿ, ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ, ಮೂರು ರೂಪಾಯಿ ಬಂದಿದೆ ಎಂದು ಕೂಗಿತು.